ರೈಲು ಬಿಟ್ಟುಹೋದ ಸೇತುವೆ

ಬೆಳಗಿನ ಮಂಜು ಇನ್ನೂ ನೀರಿನ ಮೇಲೆ ಹರಡಿಕೊಂಡಿರುವಾಗಲೇ ಹಡ್ಸನ್ ನದಿಯ ಮೇಲಿನ ಆ ಹಳೆಯ ಸೇತುವೆಗೆ ಜನರು ಬರತೊಡಗುತ್ತಾರೆ. ಕೋಲೂರಿಕೊಂಡು ಮೆಲ್ಲನೆ ನಡೆಯುವ ವೃದ್ಧ ದಂಪತಿಗಳು, ಕೂಸಿನ ಗಾಡಿಯನ್ನು ತಳ್ಳುತ್ತ ಬರುವ ತಾಯಂದಿರು, ಸೈಕಲ್ ಸವಾರರು, ಗಾಲಿಕುರ್ಚಿಯಲ್ಲಿ ಕುಳಿತವರು, ನಾಯಿಯ ಹಗ್ಗ ಹಿಡಿದು ಓಡುವವರು. ಇವರೆಲ್ಲರ ಪಾದದ ಕೆಳಗೆ, 212 ಅಡಿ ಆಳದಲ್ಲಿ, ಅಗಲವಾದ ಹೊಳೆ ಸದ್ದಿಲ್ಲದೆ ಸಾಗುತ್ತಿರುತ್ತದೆ. ನದಿಯ ಪೂರ್ವದ ದಡದಲ್ಲಿ ಪ್ರಯಾಣಿಕರ ರೈಲು, ಪಶ್ಚಿಮದ ದಡದಲ್ಲಿ ಉದ್ದನೆಯ ಗೂಡ್ಸ್ ಗಾಡಿ. ಮೇಲಿನಿಂದ ನೋಡುವವರಿಗೆ ಎರಡೂ ಮಕ್ಕಳ ಆಟಿಕೆಯಂತೆ ಕಾಣುತ್ತವೆ. ಕೆಳಗೆ ಎರಡು ಕಡೆಯೂ ರೈಲು ಓಡುತ್ತದೆ. ರೈಲಿಗೆಂದೇ ಕಟ್ಟಿದ ಸೇತುವೆಯ ಮೇಲೆ ಮಾತ್ರ ರೈಲಿಲ್ಲ.

ಅಮೆರಿಕದ ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 75 ಮೈಲಿ ದೂರದಲ್ಲಿರುವ ಪೊಕೀಪ್ಸಿ ಎಂಬ ಊರಿನ ಸೇತುವೆ ಇದು. ಇದರ ಉದ್ದ 6,768 ಅಡಿ, ಎಂದರೆ ಒಂದೂಕಾಲು ಮೈಲಿಗಿಂತ ಸ್ವಲ್ಪ ಹೆಚ್ಚು. ಎಂಬತ್ತೈದು ವರ್ಷ ರೈಲನ್ನು ಹೊತ್ತು, ಮೂವತ್ತೈದು ವರ್ಷ ಯಾರಿಗೂ ಬೇಡವಾಗಿ ನಿಂತು, ಕೊನೆಗೆ ಕಾಲ್ನಡಿಗೆಯವರ ಪಾಲಿಗೆ ಬಂದ ಈ ಕಬ್ಬಿಣ ಉಕ್ಕುಗಳ ರಾಶಿಯ ಕಥೆಯಲ್ಲಿ ಮನುಷ್ಯರ ಸಾಹಸವೂ ಉಂಟು, ಮರೆವೂ ಉಂಟು, ಹಟವೂ ಉಂಟು.

ಎರಡು ಕಡೆಗೂ ಹರಿಯುವ ನೀರು

ಬಿಳಿಯರು ಬರುವುದಕ್ಕೆ ಮೊದಲು ಆ ತೀರದಲ್ಲಿ ವಾಸವಾಗಿದ್ದ ಮೂಲನಿವಾಸಿಗಳು ಈ ನದಿಯನ್ನು ‘ಎರಡು ಕಡೆಗೂ ಹರಿಯುವ ನೀರು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆ ಮಾತು ಅಕ್ಷರಶಃ ಸತ್ಯ. ಸಮುದ್ರದ ಉಬ್ಬರವಿಳಿತಗಳ ಪ್ರಭಾವ ಈ ನದಿಯಲ್ಲಿ ಒಳನಾಡಿನ ಬಹುದೂರದವರೆಗೆ, ಪೊಕೀಪ್ಸಿಯನ್ನೂ ದಾಟಿ, ಕಾಣಿಸಿಕೊಳ್ಳುತ್ತದೆ. ಉಬ್ಬರದ ಹೊತ್ತಿಗೆ ನೀರು ಉತ್ತರಕ್ಕೆ ತಿರುಗುತ್ತದೆ. ಇಳಿತದ ಹೊತ್ತಿಗೆ ದಕ್ಷಿಣಕ್ಕೆ. 1609ರಲ್ಲಿ ಹೆನ್ರಿ ಹಡ್ಸನ್ ಎಂಬ ಆಂಗ್ಲ ನಾವಿಕ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿ ‘ಹಾಫ್ ಮೂನ್’ ಎಂಬ ಹಡಗನ್ನೇರಿ ಈ ನದಿಯೊಳಕ್ಕೆ ಬಂದ. ಅವನಿಗೆ ಬೇಕಾಗಿದ್ದುದು ಅಮೆರಿಕವಲ್ಲ. ಏಷ್ಯಾಕ್ಕೆ ಹೋಗುವ ಹತ್ತಿರದ ಜಲಮಾರ್ಗ. ಒಳಹೋದಷ್ಟೂ ಹೊಳೆಯ ಆಳ ಕಡಿಮೆಯಾಯಿತು. ಅವನು ಹಿಂದಿರುಗಿದ. ಹೊಳೆಗೆ ಅವನ ಹೆಸರು ಉಳಿಯಿತು.

ಇಂತಹ ಅಗಲವೂ ಆಳವೂ ಆದ ನದಿ ಹಡಗಿನವರಿಗೆ ವರ; ರೈಲಿನವರಿಗೆ ಶಾಪ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪೆನ್ಸಿಲ್ವೇನಿಯಾದ ಗಣಿಗಳಲ್ಲಿ ಕಲ್ಲಿದ್ದಲು ರಾಶಿರಾಶಿಯಾಗಿ ಬಿದ್ದಿತ್ತು. ಅದು ಬೇಕಾಗಿದ್ದುದು ನದಿಯ ಆಚೆಗಿದ್ದ ನ್ಯೂ ಇಂಗ್ಲೆಂಡ್ ಪ್ರಾಂತದ ಕಾರ್ಖಾನೆಗಳಿಗೆ. ಉತ್ತರದ ಆಲ್ಬನಿಯಲ್ಲಿ 1866ರಲ್ಲಿ ಒಂದು ರೈಲುಸೇತುವೆಯಾಗಿತ್ತು. ಅಲ್ಲಿಂದ ಕೆಳಗೆ ಸಮುದ್ರದವರೆಗೆ ಒಂದಾದರೂ ಸೇತುವೆಯಿರಲಿಲ್ಲ. ಗಾಡಿಯ ಡಬ್ಬಿಗಳನ್ನು ದೊಡ್ಡ ದೋಣಿಗಳ ಮೇಲೇರಿಸಿ ದಾಟಿಸಬೇಕಾಗಿತ್ತು. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿದರೆ ಅದಕ್ಕೂ ವಿಘ್ನ.

ಪೊಕೀಪ್ಸಿಯ ಮೇಯರ್ ಆಗಿದ್ದ ಹಾರ್ವೆ ಈಸ್ಟ್‌ಮನ್ ಎಂಬಾತ ವಾಣಿಜ್ಯ ವಿದ್ಯಾಶಾಲೆಯೊಂದನ್ನು ನಡೆಸಿ ಹೆಸರು ಗಳಿಸಿದ್ದವನು. ತನ್ನ ಊರಿನ ಬಳಿಯೇ ಸೇತುವೆಯಾಗಬೇಕೆಂಬುದು ಅವನ ಹಂಬಲ. 1871ರಲ್ಲಿ ಅದಕ್ಕೆ ಸರ್ಕಾರದ ಸನ್ನದೂ ದೊರೆಯಿತು. ಆದರೆ ಹಡಗು ನಡೆಸುವವರ ಹಿತಕ್ಕಾಗಿ, ನದಿಯ ನಡುವೆ ಕಂಬವನ್ನೇ ನಿಲ್ಲಿಸಕೂಡದೆಂಬ ನಿರ್ಬಂಧ ಅದರಲ್ಲಿತ್ತು. ಅಷ್ಟು ಅಗಲದ ಹೊಳೆಗೆ ನಡುಗಂಬವಿಲ್ಲದ ರೈಲುಸೇತುವೆಯೆಂದರೆ ಅಂದಿನ ಕಾಲಕ್ಕೆ ಆಗದ ಮಾತು. ಮರುವರ್ಷ ನಿರ್ಬಂಧವನ್ನು ಸಡಿಲಿಸಿ ನಾಲ್ಕು ಕಂಬಗಳಿಗೆ ಅಪ್ಪಣೆ ಕೊಟ್ಟರು; ಒಂದಕ್ಕೂ ಇನ್ನೊಂದಕ್ಕೂ ನಡುವೆ 500 ಅಡಿಯಾದರೂ ಅಂತರವಿರಬೇಕೆಂದು ವಿಧಿಸಿದರು.

1873ರ ಡಿಸೆಂಬರಿನಲ್ಲಿ ಅಸ್ತಿವಾರದ ಕಲ್ಲನ್ನಿಟ್ಟರು. ಮುಹೂರ್ತ ಒಳ್ಳೆಯದಾಗಿರಲಿಲ್ಲ. ಆ ವರ್ಷವೇ ಅಮೆರಿಕದ ಬ್ಯಾಂಕುಗಳು ಕುಸಿದು ದೇಶದಲ್ಲೆಲ್ಲ ಹಣದ ಮುಗ್ಗಟ್ಟು ತಲೆದೋರಿತ್ತು. ಯೋಜನೆಗೆ ಬೆಂಬಲವಾಗಿದ್ದ ಪೆನ್ಸಿಲ್ವೇನಿಯಾ ರೈಲ್ವೆಯ ಅಧ್ಯಕ್ಷ ಎಡ್ಗರ್ ಥಾಮ್ಸನ್ 1874ರಲ್ಲಿ ತೀರಿಕೊಂಡ. 1876ರಲ್ಲಿ ಶಿಕಾಗೋದ ಕಂಪನಿಯೊಂದು ಕೆಲಸ ಕೈಗೊಂಡಿತು. ಎರಡು ವರ್ಷಗಳಲ್ಲಿ ಅದೂ ನಿಂತಿತು. ಈಸ್ಟ್‌ಮನ್ 1878ರಲ್ಲಿ ತೀರಿಕೊಂಡಾಗ ಅವನ ಸೇತುವೆಯೆಂದರೆ ನೀರಿನಲ್ಲಿ ಅರ್ಧಕ್ಕೆ ನಿಂತ ಅಸ್ತಿವಾರವಷ್ಟೆ.

ಮರದ ಪೆಟ್ಟಿಗೆಗಳ ಮೇಲೆ ಉಕ್ಕಿನ ಬೆಟ್ಟ

ಎಂಟು ವರ್ಷಗಳ ಮೇಲೆ, 1886ರಲ್ಲಿ, ಹೊಸ ಬಂಡವಾಳಗಾರರು ಮುಂದೆ ಬಂದರು. ಈ ಸಲ ಕೆಲಸ ನಿಲ್ಲಲಿಲ್ಲ.

ನದಿಯ ತಳದಲ್ಲಿ ದಪ್ಪನೆಯ ಕೆಸರು; ಭಾರ ತಡೆಯುವ ಗಟ್ಟಿ ನೆಲ ನೀರಿನ ಮಟ್ಟದಿಂದ ನೂರು ಅಡಿಗೂ ಹೆಚ್ಚು ಕೆಳಗೆ. ಕೆಲವೇ ವರ್ಷಗಳ ಹಿಂದೆ, 1883ರಲ್ಲಿ, ಮುಗಿದಿದ್ದ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಸ್ತಿವಾರಕ್ಕೆ, ಬೋರಲು ಹಾಕಿದ ಪಾತ್ರೆಯಂತಹ ಕೋಣೆಗಳನ್ನು ನೀರಿಗಿಳಿಸಿ, ಒತ್ತಡದ ಗಾಳಿ ತುಂಬಿ, ಒಳಗೆ ಮನುಷ್ಯರನ್ನಿಳಿಸಿ ಅಗೆಸಿದ್ದರು. ಮೇಲೆ ಬರುವಾಗ ಆ ಕೆಲಸಗಾರರಿಗೆ ಕೀಲುನೋವು, ಪಾರ್ಶ್ವವಾಯು ತಗಲುತ್ತಿದ್ದವು. ಮುಖ್ಯ ಎಂಜಿನಿಯರನೇ ಅದರಿಂದ ಹಾಸಿಗೆ ಹಿಡಿದ. ಪೊಕೀಪ್ಸಿಯ ಆಳಕ್ಕೆ ಆ ಕ್ರಮ ಸಾಗುವಂತಿರಲಿಲ್ಲ. ಇಲ್ಲಿನ ಎಂಜಿನಿಯರುಗಳು ಬೇರೊಂದು ಉಪಾಯ ಹೂಡಿದರು. ಸುಮಾರು 100 ಅಡಿ ಉದ್ದ, 60 ಅಡಿ ಅಗಲದ ಭಾರಿ ಮರದ ಪೆಟ್ಟಿಗೆಗಳನ್ನು ಕಟ್ಟಿಸಿ ತೇಲಿಸಿ ತಂದರು. ಪೆಟ್ಟಿಗೆಯೊಳಗೆ ಬಾವಿಗಳಂತಹ ಅಂಕಣಗಳು. ಕೆಲವಕ್ಕೆ ಮೇಲೂ ಕೆಳಗೂ ಬಾಯಿ. ಮುಚ್ಚಿದ ಅಂಕಣಗಳಿಗೆ ಜಲ್ಲಿ ತುಂಬಿ ಪೆಟ್ಟಿಗೆಯನ್ನು ಮುಳುಗಿಸುವುದು; ತೆರೆದ ಅಂಕಣಗಳೊಳಕ್ಕೆ ಯಂತ್ರದ ಹಸ್ತವನ್ನಿಳಿಸಿ ತಳದ ಕೆಸರನ್ನು ಬಾಚಿ ತೆಗೆಯುವುದು. ಕೆಸರು ಹೋದಷ್ಟೂ ಪೆಟ್ಟಿಗೆ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಗಟ್ಟಿ ನೆಲ ಸಿಕ್ಕಿದ ಮೇಲೆ ಬಾವಿಗಳಿಗೆ ಕಾಂಕ್ರೀಟು ಸುರಿದರು. ಅಷ್ಟು ಆಳಕ್ಕೆ ಮನುಷ್ಯರು ಇಳಿಯಬೇಕಾಗಲಿಲ್ಲ. ಗಾಳಿಯ ಸೋಂಕಿಲ್ಲದೆ ನೀರಿನೊಳಗೇ ಇರುವ ಮರ ಸುಲಭವಾಗಿ ಕೊಳೆಯುವುದಿಲ್ಲ. ಆ ಪೆಟ್ಟಿಗೆಗಳು ಈಗಲೂ ಇಡೀ ಸೇತುವೆಯನ್ನು ಹೊತ್ತು ಕತ್ತಲೆಯಲ್ಲಿ ಕುಳಿತಿವೆ.

ಅವುಗಳ ಮೇಲೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಉಕ್ಕಿನ ಗೋಪುರ, ಗೋಪುರಗಳ ಎರಡು ಮಗ್ಗುಲಿಗೂ ತೋಳು ಚಾಚಿದಂತೆ ಉಕ್ಕಿನ ಚೌಕಟ್ಟುಗಳು. ಒಂದು ಗೋಪುರದ ತೋಳೂ ಇನ್ನೊಂದರ ತೋಳೂ ಆಕಾಶದಲ್ಲಿ ಕೈ ಹಿಡಿದಾಗ ಸೇತುವೆಯ ಒಂದು ಅಂಕಣ ಮುಗಿಯುತ್ತಿತ್ತು. ಕೆಳಗೆ ಹಡಗುಗಳ ಸಂಚಾರ ನಿಲ್ಲದಂತೆ ಮೇಲೆ ಕೆಲಸ ಸಾಗಿಸುವುದಕ್ಕೆ ಈ ‘ಕ್ಯಾಂಟಿಲೀವರ್’ ಕ್ರಮ ಅನುಕೂಲವಾಯಿತು. 1888ರ ಡಿಸೆಂಬರ್ 29ರಂದು ಮೊದಲ ರೈಲು ನದಿಯನ್ನು ದಾಟಿತು. ನ್ಯೂಯಾರ್ಕಿಗೂ ಆಲ್ಬನಿಗೂ ನಡುವೆ ಹಡ್ಸನ್ನಿಗೆ ಬಿದ್ದ ಮೊದಲ ಸೇತುವೆ ಅದು.

ಮುಂದಿನ ಅರ್ಧ ಶತಮಾನ ಅದರ ವೈಭವದ ಕಾಲ. ಪೂರ್ವಕ್ಕೆ ಕಲ್ಲಿದ್ದಲು, ಧಾನ್ಯ. ಪಶ್ಚಿಮಕ್ಕೆ ಕಾರ್ಖಾನೆಯ ಸರಕು. ಪಶ್ಚಿಮದ ಮೇಬ್ರೂಕ್ ಎಂಬ ಸಣ್ಣ ಊರು ಗಾಡಿಗಳನ್ನು ಬಿಡಿಸಿ ಜೋಡಿಸುವ ದೊಡ್ಡ ಯಾರ್ಡಾಗಿ ಬೆಳೆಯಿತು. ಎಂಜಿನುಗಳ ತೂಕ ಏರಿದಂತೆ ಸೇತುವೆಯನ್ನೂ ಬಲಪಡಿಸಬೇಕಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಾಲ್ಫ್ ಮೊಡ್ಜೆಸ್ಕಿ ಎಂಬ ಎಂಜಿನಿಯರ್ ಮಧ್ಯದಲ್ಲಿ ಮೂರನೆಯ ಉಕ್ಕಿನ ಸಾಲೊಂದನ್ನು ಸೇರಿಸಿ ಅದರ ಬೆನ್ನು ಗಟ್ಟಿಮಾಡಿದ. ಹೆಸರಾಂತ ನಟಿ ಹೆಲೆನಾ ಮೊಡ್ಜೆಸ್ಕಾಳ ಮಗನಾದ ಈತನೇ, ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ಮೋಟಾರುಗಳಿಗಾಗಿ 1930ರಲ್ಲಿ ತೆರೆದ ಮಿಡ್ ಹಡ್ಸನ್ ತೂಗುಸೇತುವೆಯನ್ನೂ ರೂಪಿಸಿದವನು. ಅಂದು ಯಾರೂ ಎಣಿಸದಿದ್ದ ಸಂಗತಿಯೊಂದು ಆ ತೂಗುಸೇತುವೆಯಲ್ಲಿ ಅಡಗಿತ್ತು. ಲಾರಿಗಳಿಗೂ ಕಾರುಗಳಿಗೂ ದಾರಿಯಾಯಿತು. ರೈಲಿನ ಎದುರಾಳಿ ಪಕ್ಕದ ಮನೆಗೇ ಬಂದು ನೆಲಸಿದಂತಾಯಿತು.

ಒಂದು ನೀರಿನ ಕೊಳವೆ

ಎರಡನೆಯ ಮಹಾಯುದ್ಧವಾದ ಮೇಲೆ ಅಮೆರಿಕದಲ್ಲಿ ಹೆದ್ದಾರಿಗಳು ಹೆಚ್ಚಿದವು. ಸರಕು ಲಾರಿಗಳ ಪಾಲಾಯಿತು. ನ್ಯೂ ಇಂಗ್ಲೆಂಡಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮನೆಮನೆಗೆ ಎಣ್ಣೆಯ ಒಲೆ ಬಂದು ಕಲ್ಲಿದ್ದಲಿನ ಬೇಡಿಕೆ ತಗ್ಗಿತು. ಎರಡು ಹಳಿಗಳ ಸೇತುವೆ ಒಂದೇ ಹಳಿಯದಾಯಿತು. 1969ರ ಆರಂಭದಲ್ಲಿ ಅದು ಪೆನ್ ಸೆಂಟ್ರಲ್ ಎಂಬ ಭಾರಿ ರೈಲ್ವೆ ಸಂಸ್ಥೆಯ ಕೈಗೆ ಬಂತು. ಮುಂದಿನ ವರ್ಷವೇ ಆ ಸಂಸ್ಥೆ ದಿವಾಳಿಯೆದ್ದಿತು. ಅಂದಿನವರೆಗೆ ಅಮೆರಿಕ ಕಂಡ ದಿವಾಳಿಗಳಲ್ಲಿ ಅದು ಅತಿ ದೊಡ್ಡದು.

ದಿವಾಳಿಯೆದ್ದ ಮನೆಯಲ್ಲಿ ಮೊದಲು ನಿಲ್ಲುವುದು ಕಣ್ಣಿಗೆ ಬೀಳದ ಖರ್ಚು. ಹಳಿಯ ಕೆಳಗಿನ ಅಡ್ಡದಿಮ್ಮಿಗಳು ಮರದವು. ಕೀಲೆಣ್ಣೆಯನ್ನು ಕುಡಿದು ವರ್ಷಗಟ್ಟಲೆ ಬಿಸಿಲಿಗೊಣಗಿದ ಮರವೆಂದರೆ ಪಂಜಿನಂತೆ. ರೈಲಿನ ಚಕ್ರದಿಂದ ಸಿಡಿದ ಒಂದು ಕಿಡಿ ಸಾಕು. ಅದಕ್ಕೆಂದೇ ಸೇತುವೆಯುದ್ದಕ್ಕೂ ನೀರಿನ ಕೊಳವೆಯನ್ನು ಹಾಸಿದ್ದರು. ಕೊಳವೆ ಅಲ್ಲೇ ಇತ್ತು. ಆರೈಕೆ ತಪ್ಪಿ ಅದು ಕೆಲಸಕ್ಕೆ ಬಾರದಂತಾಗಿತ್ತು.

1974ರ ಮೇ 8ರಂದು ರೈಲೊಂದು ದಾಟಿಹೋದ ಮೇಲೆ ಸೇತುವೆಯ ಪೂರ್ವಭಾಗದಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದರ ಚಕ್ರದ ಕಿಡಿಯೇ ಇದಕ್ಕೆ ಮೂಲವೆಂಬುದು ಸಾಮಾನ್ಯವಾದ ನಂಬಿಕೆ. ಅಗ್ನಿಶಾಮಕ ದಳದವರು ಓಡಿಬಂದರು. ಅವರ ಕೊಳಾಯಿಯ ಧಾರೆಗೆ ಎಟುಕದಷ್ಟು ಎತ್ತರದಲ್ಲಿ ಬೆಂಕಿ. ಅಲ್ಲಿಗೆ ನೀರನ್ನು ಒಯ್ಯಬೇಕಾಗಿದ್ದ ಕೊಳವೆ ಒಣಗಿತ್ತು. ಸುಮಾರು 700 ಅಡಿಯಷ್ಟು ಹಾಸು ಸುಟ್ಟುಹೋಯಿತು. ಕೆಳಗಿನ ಮನೆಗಳವರು ತಲೆಯೆತ್ತಿ ನೋಡುವುದರ ಹೊರತು ಬೇರೇನೂ ಮಾಡುವಂತಿರಲಿಲ್ಲ.

ಉಕ್ಕಿನ ಮೈ ಉಳಿದಿತ್ತು. ದುರಸ್ತಿ ಸಾಧ್ಯವಿತ್ತು. ಆದರೆ ದುರಸ್ತಿ ಮಾಡಿಸುವವರಾರು? ದಿವಾಳಿಯಾದ ಸಂಸ್ಥೆಗೆ ಹಣವಿಲ್ಲ. 1976ರಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ ಕಾನ್‌ರೇಲ್ ಸಂಸ್ಥೆಗೆ ಈ ದಾರಿಯೇ ಬೇಕಾಗಿರಲಿಲ್ಲ. ನ್ಯೂ ಇಂಗ್ಲೆಂಡಿಗೆ ಹೋಗುವ ಗೂಡ್ಸ್ ಗಾಡಿಗಳು ಉತ್ತರದ ಆಲ್ಬನಿಯ ಸಮೀಪಕ್ಕೆ ಸುತ್ತಿಕೊಂಡು ಹೋಗತೊಡಗಿದವು. ಮೇಬ್ರೂಕಿನ ಯಾರ್ಡು ಬರಿದಾಯಿತು. ಗಾಡಿಯ ಸದ್ದನ್ನು ಕೇಳಿಯೇ ಹೊತ್ತು ತಿಳಿಯುತ್ತಿದ್ದ ಕುಟುಂಬಗಳು ಬೇರೆ ಕಸುಬು ಹುಡುಕಿಕೊಂಡು ಚದುರಿದವು.

ಒಂದು ಡಾಲರಿನ ಸೊತ್ತು

1984ರಲ್ಲಿ ಆ ಸೇತುವೆಯ ಮಾರಾಟವಾಯಿತು. ಬೆಲೆ: ಒಂದು ಡಾಲರ್.

ಕೊಟ್ಟವರಿಗೆ ಅದು ಲಾಭವೇ ಆಯಿತೆಂದರೆ ಆಶ್ಚರ್ಯವಿಲ್ಲ. ಕೆಡವುವ ಹೊಣೆ, ಕಾಯುವ ಹೊಣೆ, ಬಿದ್ದರೆ ಉತ್ತರ ಹೇಳುವ ಹೊಣೆ, ಎಲ್ಲವೂ ಆ ಒಂದು ಡಾಲರಿನೊಡನೆ ಕೈ ಬದಲಾಯಿಸಿದವು. ಖಾಸಗಿಯವರ ಕೈಯಿಂದ ಇನ್ನೊಬ್ಬ ಖಾಸಗಿಯವರ ಕೈಗೆ ದಾಟುತ್ತ ಸೇತುವೆ ಮತ್ತೆ ಹದಿನಾಲ್ಕು ವರ್ಷ ಹಾಗೆಯೇ ನಿಂತಿತು. 1979ರಲ್ಲಿಯೇ ಅದರ ಹೆಸರು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತ್ತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲವಷ್ಟೆ. ಅದರಡಿಯಲ್ಲಿ ಹೆದ್ದಾರಿಯಿತ್ತು, ರೈಲುದಾರಿಯಿತ್ತು, ವಾಸದ ಮನೆಗಳಿದ್ದವು. ಮೇಲಿನಿಂದ ಯಾವಾಗ ಏನು ಕಳಚಿ ಬೀಳುವುದೋ ಎಂಬ ಅಂಜಿಕೆ ಅಲ್ಲಿಯವರದಾಗಿತ್ತು.

ಊರಿಗೂ ಅದು ಒಳ್ಳೆಯ ಕಾಲವಲ್ಲ. ಆ ಪ್ರದೇಶದ ಬಹು ಮನೆಗಳಿಗೆ ಅನ್ನವಿಕ್ಕುತ್ತಿದ್ದ ಐ.ಬಿ.ಎಂ. ಸಂಸ್ಥೆ 1993ರಲ್ಲಿ ಸಾವಿರಾರು ಜನರನ್ನು ಕೆಲಸದಿಂದ ಬಿಡಿಸಿತು. ಪೇಟೆಯ ಅಂಗಡಿಗಳು ಮುಚ್ಚಿದವು. ಆಕಾಶಕ್ಕೆ ಅಡ್ಡವಾಗಿ ನಿಂತಿದ್ದ ತುಕ್ಕು ಹಿಡಿದ ಸೇತುವೆ ಊರಿನ ದೈನ್ಯವನ್ನು ಬಹುದೂರಕ್ಕೆ ಸಾರುವ ಫಲಕದಂತೆ ಕಾಣಿಸುತ್ತಿತ್ತು. ಅದನ್ನು ಕೆಡವಿ ಗುಜರಿಗೆ ಹಾಕಬೇಕೆಂದವರು ಅವಿವೇಕಿಗಳೇನೂ ಆಗಿರಲಿಲ್ಲ. ತಮ್ಮ ಮಕ್ಕಳ ತಲೆಯ ಮೇಲೆ ತೂಗುತ್ತಿದ್ದ ಭಾರವನ್ನು ಕಂಡು ಮಾತನಾಡಿದವರು ಅವರು.

ಆದರೆ ಬೇರೊಂದು ಕನಸನ್ನು ಕಂಡ ಕೆಲವರೂ ಅಲ್ಲಿದ್ದರು. 1992ರಲ್ಲಿ ಅವರು ಸಂಘವೊಂದನ್ನು ಕಟ್ಟಿದರು; ‘ವಾಕ್‌ವೇ ಓವರ್ ದಿ ಹಡ್ಸನ್’ ಎಂದು ಹೆಸರಿಟ್ಟರು. ಹಡ್ಸನ್ ಮೇಲಣ ಕಾಲುದಾರಿ ಎಂಬಷ್ಟೇ ಸರಳವಾದ ಹೆಸರು. ಕನಸಾದರೂ ಅಷ್ಟೇ ಸರಳ: ರೈಲು ನಡೆದಲ್ಲಿ ಮನುಷ್ಯರು ನಡೆಯಲಿ.

ಅಮೆರಿಕದಲ್ಲಿ ಈ ವಿಚಾರ ತೀರ ಹೊಸದಾಗಿರಲಿಲ್ಲ. 1963ರಲ್ಲಿ ಮೇ ವಾಟ್ಸ್ ಎಂಬ ಸಸ್ಯಶಾಸ್ತ್ರಜ್ಞೆ, ಶಿಕಾಗೋದ ಬಳಿ ಪಾಳುಬಿದ್ದಿದ್ದ ರೈಲುದಾರಿಯೊಂದನ್ನು ನಡೆದಾಡುವವರಿಗೆ ಬಿಟ್ಟುಕೊಡಿರೆಂದು ಅಲ್ಲಿಯ ಪತ್ರಿಕೆಗೆ ಕಾಗದ ಬರೆದಿದ್ದಳು. ಅದರಿಂದ ಒಂದು ಕಾಲುದಾರಿಯೇ ಹುಟ್ಟಿತು. ಅದೇ ದಶಕದಲ್ಲಿ ವಿಸ್ಕಾನ್ಸಿನ್ ರಾಜ್ಯ ಸುರಂಗಗಳನ್ನೊಳಗೊಂಡ ರೈಲುದಾರಿಯೊಂದನ್ನು ಕೊಂಡು ಸೈಕಲ್ಲಿನವರಿಗೆ ತೆರೆಯಿತು. ರೈಲಿನ ದಾರಿಗೆ ಕಡಿದಾದ ಏರಿಲ್ಲ, ಹಠಾತ್ತನೆ ತಿರುವಿಲ್ಲ. ಎಂಜಿನಿಗೆ ಹಿತವಾದದ್ದು ಮಕ್ಕಳ ಕಾಲಿಗೂ ಮುದುಕರ ಮಂಡಿಗೂ ಹಿತ. ಆದರೆ ನೆಲದ ಮೇಲಿನ ದಾರಿಯನ್ನು ಹಸನುಮಾಡುವುದು ಬೇರೆ. 212 ಅಡಿ ಎತ್ತರದ ಸುಟ್ಟ ಸೇತುವೆಯ ಮೇಲೆ ಜನರನ್ನು ನಡೆಸುವುದು ಬೇರೆ.

ಎರಡು ಹಾದಿ

ಸಂಘದ ಮೊದಲ ಮುಖಂಡರದು ಒಂದು ವ್ರತವಿತ್ತು. ಸರ್ಕಾರದ ಹಣವನ್ನು ಮುಟ್ಟದೆ, ಊರಿನವರ ದೇಣಿಗೆ ಮತ್ತು ಕೈಕೆಲಸದಿಂದಲೇ ಸೇತುವೆಯನ್ನು ಸಿದ್ಧಗೊಳಿಸಬೇಕು. ರಜೆಯ ದಿನಗಳಲ್ಲಿ ಸ್ವಯಂಸೇವಕರು ಬಂದು ಪಶ್ಚಿಮದ ತುದಿಯಲ್ಲಿ ಹಲಗೆ ಹಾಸಿದರು, ಕಟಕಟೆ ಹಾಕಿದರು. 1998ರಲ್ಲಿ ಸೇತುವೆಯ ಒಡೆತನವೂ ಸಂಘಕ್ಕೇ ಬಂತು. ಆದರೆ ಒಂದೂಕಾಲು ಮೈಲಿಯ ಸೇತುವೆಗೆ ರಜೆಯ ದಿನಗಳ ದುಡಿಮೆ ಎಲ್ಲಿ ಸಾಕು? ವರ್ಷಗಳು ಉರುಳಿದವು. ಸಂಘದೊಳಗೇ ಮಾತು ಬೆಳೆಯಿತು. ನಮ್ಮ ಕೈಯಿಂದಲೇ ಆಗಬೇಕೆಂಬವರೊಂದು ಕಡೆ. ಯಾರ ಕೈಯಿಂದಲಾದರೂ ಸರಿ, ನಮ್ಮ ಕಾಲದಲ್ಲಿ ಆಗಲಿ ಎಂಬವರೊಂದು ಕಡೆ.

ಇದು ಲೋಕದ ಒಳ್ಳೆಯ ಕೆಲಸಗಳೆಲ್ಲಕ್ಕೂ ಒಂದು ದಿನ ಎದುರಾಗುವ ಪ್ರಶ್ನೆ. ಮೊದಲ ಹಲಗೆಯನ್ನು ಹೊತ್ತು ತಂದವನ ಅಭಿಮಾನ ಸುಳ್ಳಲ್ಲ. ಅವನಿಲ್ಲದಿದ್ದರೆ ಎರಡನೆಯವರು ಬಂದು ನಿಲ್ಲುವುದಕ್ಕೆ ಸೇತುವೆಯೇ ಇರುತ್ತಿರಲಿಲ್ಲ. ಆದರೆ ಅಭಿಮಾನವನ್ನೇ ನೆಚ್ಚಿ ಕುಳಿತಿದ್ದರೆ ಆ ಸೇತುವೆಯ ಮೇಲೆ ನಡೆಯಬೇಕಾಗಿದ್ದ ಮುದುಕರು ನಡೆಯದೆಯೇ ಕಣ್ಣು ಮುಚ್ಚುತ್ತಿದ್ದರು. ಕೊನೆಗೆ ಎರಡನೆಯ ಪಕ್ಷ ಗೆದ್ದಿತು. ಮೊದಲ ಮುಖಂಡರು ಹಿಂದೆ ಸರಿದರು, ಹೊಸಬರು ಬಂದರು. ಡೈಸನ್ ಪ್ರತಿಷ್ಠಾನವೆಂಬ ದಾನಸಂಸ್ಥೆ ಕೈನೀಡಿತು; ರಾಜ್ಯಸರ್ಕಾರವೂ ಕೇಂದ್ರಸರ್ಕಾರವೂ ಜೊತೆಗೂಡಿದವು.

ಎಂಜಿನಿಯರುಗಳು ಸೇತುವೆಯ ಮೈಯನ್ನೆಲ್ಲ ತಟ್ಟಿ ಮುಟ್ಟಿ ಪರೀಕ್ಷಿಸಿದರು. ನೀರಿನೊಳಗಿನ ಕಟ್ಟೆಗಳನ್ನು ಮುಳುಗುಗಾರರು ನೋಡಿ ಬಂದರು. ಭಾರವಾದ ಗೂಡ್ಸ್ ಗಾಡಿಗಳಿಗಾಗಿ ಕಟ್ಟಿ, ಮತ್ತೆ ಬಲಪಡಿಸಿದ್ದ ಚೌಕಟ್ಟಿಗೆ ಮನುಷ್ಯರ ತೂಕ ಒಂದು ಲೆಕ್ಕವಲ್ಲವೆಂದು ತಿಳಿದುಬಂತು. ಅದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದಿತ್ತು. ಸೇತುವೆಯನ್ನು ಕೆಡವುವುದಕ್ಕೆ ತಗಲುವ ವೆಚ್ಚ, ಅದನ್ನು ಕಾಲುದಾರಿ ಮಾಡುವ ವೆಚ್ಚಕ್ಕಿಂತಲೂ ಹೆಚ್ಚೆಂಬ ಅಂದಾಜು ಹೊರಬಿತ್ತು. ಕನಸುಗಾರರ ಮಾತಿಗೆ ಕಿವಿಗೊಡದವರು ಲೆಕ್ಕಿಗರ ಮಾತಿಗೆ ತಲೆದೂಗಿದರು.

2008ರಲ್ಲಿ ಕೆಲಸ ಆರಂಭವಾಯಿತು. ಹಳೆಯ ಹಳಿಯನ್ನೂ ದಿಮ್ಮಿಗಳನ್ನೂ ತೆಗೆದರು. ಬೇರೆಡೆಯಲ್ಲಿ ಎರಕಹೊಯ್ದ ಕಾಂಕ್ರೀಟಿನ ಭಾರಿ ಹಾಸುಗಳನ್ನು ತಂದು ಒಂದರ ಮಗ್ಗುಲಿಗೊಂದನ್ನು ಜೋಡಿಸುತ್ತ ಸಾಗಿದರು. ಮರವಿದ್ದಲ್ಲಿ ಕಾಂಕ್ರೀಟು ಬಂದುದರಿಂದ 1974ರ ಬೆಂಕಿಯ ಭಯವೂ ತೀರಿತು. ಒಟ್ಟು ವೆಚ್ಚ 3 ಕೋಟಿ 88 ಲಕ್ಷ ಡಾಲರ್. ಒಂದು ಡಾಲರಿಗೆ ಮಾರಿದ ಸೊತ್ತಿಗೆ ತಗಲಿದ ಖರ್ಚಿದು. ನೀರಿನ ಕೊಳವೆಯ ಆರೈಕೆಯಲ್ಲಿ ಉಳಿಸಿದ ಹಣ ಎಷ್ಟಿದ್ದೀತೆಂದು ಯೋಚಿಸುವವರಿಗೆ ಈ ಅಂಕಿ ಸಾಕಷ್ಟು ಪಾಠ ಹೇಳುತ್ತದೆ.

ಹೆನ್ರಿ ಹಡ್ಸನ್ ಆ ನದಿಗೆ ಬಂದು ನಾನೂರು ವರ್ಷ ತುಂಬಿದ ವರ್ಷ ಅದು. 2009ರ ಅಕ್ಟೋಬರ್ 3ರಂದು ಸೇತುವೆಯನ್ನು ಜನರಿಗೆ ತೆರೆದರು. ಸಾವಿರಾರು ಮಂದಿ ನೆರೆದಿದ್ದರು. ಮೂವತ್ತೈದು ವರ್ಷದಿಂದ ಎರಡು ದಡಗಳಲ್ಲಿ ನಿಂತು ಆ ಸೇತುವೆಯನ್ನು ಕೆಳಗಿನಿಂದ ಮಾತ್ರ ನೋಡಿದ್ದವರು ಅಂದು ಅದರ ಮೇಲಿನಿಂದ ತಮ್ಮ ಊರನ್ನು ನೋಡಿದರು.

ಲಾಭ ನಷ್ಟ

ಈಗ ಅದು ನ್ಯೂಯಾರ್ಕ್ ರಾಜ್ಯದ ಐತಿಹಾಸಿಕ ಉದ್ಯಾನ. ಒಳಹೋಗುವುದಕ್ಕೆ ಶುಲ್ಕವಿಲ್ಲ. ವರ್ಷಕ್ಕೆ ಸುಮಾರು ಐದು ಲಕ್ಷ ಜನ ಬರುತ್ತಾರೆ. 2014ರಲ್ಲಿ ಪೊಕೀಪ್ಸಿಯ ನದೀತೀರದಿಂದ ಸೇತುವೆಯ ಮೇಲಕ್ಕೆ ಲಿಫ್ಟೊಂದನ್ನು ಏರಿಸಿದರು. ಇಪ್ಪತ್ತೊಂದು ಮಹಡಿಗಳ ಎತ್ತರ ಅದರದು. ಪೂರ್ವಕ್ಕೂ ಪಶ್ಚಿಮಕ್ಕೂ ಹಳೆಯ ರೈಲುದಾರಿಯ ಮೇಲೆಯೇ ಕಾಲುದಾರಿಗಳಾಗಿವೆ. ಸೇತುವೆ ಅವೆರಡನ್ನೂ ಬೆಸೆದಿದೆ. 2020ರಲ್ಲಿ ಮುಗಿದ, ರಾಜ್ಯವನ್ನೆಲ್ಲ ಹಾಯುವ 750 ಮೈಲಿಗಳ ನಡಿಗೆಯ ಹಾದಿಯೂ ಇದರ ಮೇಲೆಯೇ ಸಾಗುತ್ತದೆ. ಮೊಡ್ಜೆಸ್ಕಿಯ ತೂಗುಸೇತುವೆಯ ಮೇಲೆ ಹೋಗಿ ಈ ಸೇತುವೆಯ ಮೇಲೆ ಹಿಂದಿರುಗುವವರೂ ಬಹಳ. ಹಿಂದೊಮ್ಮೆ ಎದುರಾಳಿಗಳಾಗಿದ್ದ ಎರಡು ಸೇತುವೆಗಳು ಈಗ ಒಂದೇ ಪ್ರದಕ್ಷಿಣೆಯ ಎರಡು ಭಾಗಗಳು.

ಎಲ್ಲವೂ ಲಾಭವೇ ಆಯಿತೆನ್ನಲಾಗದು. ರೈಲು ಹೋದದ್ದು ಹೋಯಿತು. ದಕ್ಷಿಣದಿಂದ ನ್ಯೂ ಇಂಗ್ಲೆಂಡಿಗೆ ನೇರವಾಗಿ ಹೋಗುತ್ತಿದ್ದ ಸರಕಿನ ದಾರಿ ಕಡಿದುಬಿತ್ತು. ರೈಲು ಸಾಗಿಸಬಹುದಾಗಿದ್ದ ಹೊರೆಯಲ್ಲಿ ಬಹುಭಾಗವನ್ನು ಇಂದು ಲಾರಿಗಳು ಹೊಗೆಯುಗುಳುತ್ತ ಹೊರುತ್ತಿವೆ. ದುಡಿಯುವ ರೈಲು ಕೊಡುತ್ತಿದ್ದ ಅನ್ನವನ್ನು ನಡೆದಾಡುವವರ ಕಾಫಿಯಂಗಡಿಗಳು ಕೊಡಲಾರವು. ಸೇತುವೆಯ ಅಂದಕ್ಕೆ ಮೆಚ್ಚಿ ಬಂದವರು ಊರಿನ ಬಡ ಬೀದಿಗಳನ್ನು ಹೊಗದೆಯೇ ಹಿಂದಿರುಗುವುದೂ ಉಂಟು. ಕಾಲುದಾರಿಯೊಂದೇ ಊರನ್ನು ಎತ್ತಿಹಿಡಿಯಲಾರದು.

ಆದರೆ ನಿಜವಾಗಿ ಎದುರಿಗಿದ್ದ ಆಯ್ಕೆ ರೈಲು ಅಥವಾ ಕಾಲುದಾರಿ ಎಂಬುದಾಗಿರಲಿಲ್ಲ. ರೈಲಿನ ಆಯ್ಕೆ 1974ರ ಆ ಬೆಂಕಿಯಲ್ಲಿ, ಅದಕ್ಕೂ ಮೊದಲು ಒಣಗಿದ ಕೊಳವೆಯಲ್ಲಿ, ಮುಗಿದುಹೋಗಿತ್ತು. ಉಳಿದಿದ್ದುದು ಕಾಲುದಾರಿ ಅಥವಾ ಗುಜರಿ. ಅಷ್ಟರಲ್ಲಿ ಊರಿನವರು ಒಳ್ಳೆಯದನ್ನೇ ಆರಿಸಿಕೊಂಡರು. ಸೇತುವೆಯ ಪುಣ್ಯವೂ ಅಷ್ಟರಮಟ್ಟಿಗೆ ಗಟ್ಟಿ. ಅದನ್ನು ಕಟ್ಟಿದವರು ತಮಗೆ ಬೇಕಾದುದಕ್ಕಿಂತ ಬಲವಾಗಿ ಕಟ್ಟಿದ್ದರು. ಕೈಬಿಟ್ಟವರ ಉದಾಸೀನವನ್ನೂ ತಾಳುವಷ್ಟು ಬಲವಾಗಿ.

ರೈಲಿನಲ್ಲಿ ಹೋಗುವವರಿಗೆ ಆ ಸೇತುವೆ ಕೆಲವು ನಿಮಿಷಗಳ ಗಡಗಡ ಸದ್ದು. ನಡೆದು ಹೋಗುವವರಿಗೆ ಅದು ಅರ್ಧ ಗಂಟೆಯ ದಾರಿ. ನಡುಮಧ್ಯಕ್ಕೆ ಬಂದವರು ಸಾಮಾನ್ಯವಾಗಿ ಒಂದು ಗಳಿಗೆ ನಿಲ್ಲುತ್ತಾರೆ. ಕೆಳಗೆ ನೀರು ಉತ್ತರಕ್ಕೆ ಹರಿಯುತ್ತಿದೆಯೋ ದಕ್ಷಿಣಕ್ಕೋ ಎಂದು ಮಕ್ಕಳು ಕಟಕಟೆಯ ಸಂದಿನಿಂದ ಬಗ್ಗಿ ನೋಡುತ್ತಾರೆ. ಸಂಜೆಯಾದರೆ ಕಾವಲಿನವರು ಬಂದು ಹೊತ್ತಾಯಿತೆಂದು ಎಚ್ಚರಿಸುತ್ತಾರೆ. ಜನರು ಒಲ್ಲದ ಮನಸ್ಸಿನಿಂದ ಹಿಂದಿರುಗುತ್ತಾರೆ. ಆಗ ಪೂರ್ವದ ದಡದಲ್ಲಿ ನ್ಯೂಯಾರ್ಕಿನ ರೈಲು ದೀಪ ಹೊತ್ತಿಸಿಕೊಂಡು ಸೇತುವೆಯ ಅಡಿಯಲ್ಲಿ ನುಸುಳಿ ಹೋಗುತ್ತದೆ. ಮೇಲೆ, ಬೆಳಗಿನವರೆಗೆ, ಬಾಗಿಲು ಮುಚ್ಚಿರುತ್ತದೆ.